ಪಾಠ ಮೊದಲೋ, ಕಲಿಕಾ ಫಲ ಮೊದಲೋ: ಏಳನೇ ತರಗತಿಯಲ್ಲಿ ಮಾಡಿ ನೋಡಿದ ಮೂರು ಯೋಜನೆಗಳು

ಪ್ರತಿ ಜೂನ್ ತಿಂಗಳಲ್ಲಿ ಸೇತುಬಂಧ, ಅಂದರೆ ಹಿಂದಿನ ತರಗತಿಯ ಕಲಿಕೆಯನ್ನು ಮೆಲುಕು ಹಾಕಿಸುವ ಕಾರ್ಯಕ್ರಮ, ಮುಗಿಯುವ ಹೊತ್ತಿಗೆ ನಮ್ಮ ಶಿಕ್ಷಕರ ಕೊಠಡಿಯಲ್ಲಿ ಒಂದು ಜಗಳ ಕಾದಿರುತ್ತದೆ. ವಾರ್ಷಿಕ ಪಾಠ ಹಂಚಿಕೆ ಬರೆಯುವಾಗ ಎಡಗಡೆಯ ಅಂಕಣದಲ್ಲಿ ಪಾಠದ ಹೆಸರು ಬರಬೇಕೋ, ಕಲಿಕಾ ಫಲ, ಅಂದರೆ ಕಲಿತ ಮೇಲೆ ಮಗು ಏನು ಮಾಡಬಲ್ಲದು ಎಂಬುದು, ಬರಬೇಕೋ? ಹೊರಗಿನವರಿಗೆ ಇದು ಗೆರೆ ಎಳೆಯುವ ಜಗಳದಂತೆ ಕಾಣಬಹುದು. ಆದರೆ ಎಡಗಡೆ ಬರೆದದ್ದೇ ವರ್ಷವಿಡೀ ಯಜಮಾನ. ಬಲಗಡೆಯದು ಅದರ ಹಿಂದೆ ಚೀಲ ಹೊತ್ತು ಬರುವ ಆಳು.

ನಾನು ಕೊಪ್ಪಳ ಜಿಲ್ಲೆಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಬದಿಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರರಿಂದ ಎಂಟನೇ ತರಗತಿಯವರೆಗೆ ಕನ್ನಡ ಕಲಿಸುತ್ತೇನೆ. 2022ರಿಂದ ಮೂರು ವರ್ಷ ಏಳನೇ ತರಗತಿಯ ಓದನ್ನು ಮೂರು ಬಗೆಯಲ್ಲಿ ಯೋಜಿಸಿ ನೋಡಿದೆ. ಒಂದು ವರ್ಷದ ಮಕ್ಕಳು ಇನ್ನೊಂದು ವರ್ಷದವರಲ್ಲ, ಆದ್ದರಿಂದ ಇದು ತಕ್ಕಡಿಯಲ್ಲಿ ತೂಗಿದ ಹೋಲಿಕೆಯಲ್ಲ. ನಾನು ಒಬ್ಬನೇ ಮೂರನ್ನೂ ಮಾಡಿದ್ದೇನೆ ಎಂಬುದಷ್ಟೇ ಇದರ ಬಲ.

ಕಲಿಕಾ ಫಲದ ಹಿನ್ನೆಲೆ ಬಹುತೇಕ ಶಿಕ್ಷಕರಿಗೆ ಗೊತ್ತು, ಒಂದೆರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಪಠ್ಯಕ್ರಮ ರೂಪಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ 2017ರಲ್ಲಿ ಒಂದರಿಂದ ಎಂಟನೇ ತರಗತಿಯವರೆಗಿನ ಕಲಿಕಾ ಫಲಗಳನ್ನು ಪ್ರಕಟಿಸಿತು. ಅದೇ ವರ್ಷ ಶಿಕ್ಷಣ ಹಕ್ಕು ಕಾಯ್ದೆಯ ಕೇಂದ್ರ ನಿಯಮಗಳಿಗೆ ತಿದ್ದುಪಡಿಯಾಗಿ ಅವು ನಿಯಮದ ಭಾಗವಾದವು. ಅಲ್ಲಿಯವರೆಗೆ ನಾವು 'ಪಾಠ ಮುಗಿಸಿದ್ದೇವೆ' ಎಂದು ವರದಿ ಕೊಡುತ್ತಿದ್ದೆವು. ಆಮೇಲೆ 'ಮಗು ಇದನ್ನು ಮಾಡಬಲ್ಲದು' ಎಂದು ಕೊಡಬೇಕಾಯಿತು. ಕೇಳಲು ಚಿಕ್ಕ ಬದಲಾವಣೆ. ಆದರೆ ಮೊದಲನೆಯದಕ್ಕೆ ನನ್ನ ಸಹಿ ಸಾಕಾಗಿತ್ತು, ಎರಡನೆಯದಕ್ಕೆ ಮಗುವಿನ ಬಾಯಿ ಬೇಕು.

ಮೊದಲ ವರ್ಷ, ಅಂದರೆ 2022–23ರಲ್ಲಿ, ನಾನು ಕಲಿಕಾ ಫಲವನ್ನೇ ಎಡಗಡೆಗೆ ಬರೆದೆ. ಕೋವಿಡ್‌ನಿಂದ ಎರಡು ವರ್ಷ ಶಾಲೆ ಸರಿಯಾಗಿ ನಡೆಯದ ಕಾರಣ ತಪ್ಪಿಹೋದ ಕಲಿಕೆಯನ್ನು ತುಂಬಿಕೊಡುವ 'ಕಲಿಕಾ ಚೇತರಿಕೆ' ಕಾರ್ಯಕ್ರಮ ರಾಜ್ಯದಾದ್ಯಂತ ನಡೆಯುತ್ತಿದ್ದ ವರ್ಷ ಅದು. ಮಕ್ಕಳ ಕೈಯಲ್ಲಿ ಕಲಿಕಾ ಹಾಳೆಗಳಿದ್ದವು, ಒಂದೊಂದು ಹಾಳೆಯೂ ಒಂದೊಂದು ಸಾಮರ್ಥ್ಯದ ಬೆನ್ನು ಹತ್ತಿತ್ತು. ಅದೇ ಗುಂಗಿನಲ್ಲಿ ನಾನು ಇನ್ನೊಂದು ಹೆಜ್ಜೆ ಮುಂದೆ ಹೋದೆ. ಓದಿಗೆ ಸಂಬಂಧಿಸಿದ ಫಲಗಳನ್ನು ಒಂದೊಂದಾಗಿ ಬಿಡಿಸಿ, ವಾರಕ್ಕೊಂದರಂತೆ ಹಂಚಿ, ಪ್ರತಿಯೊಂದಕ್ಕೂ ಹೊಂದುವ ತುಣುಕುಗಳನ್ನು ಎಲ್ಲೆಲ್ಲಿಂದಲೋ ಹೆಕ್ಕಿ ತಂದೆ. ಈ ವಾರ 'ಸಂದರ್ಭದಿಂದ ಪದದ ಅರ್ಥ ಊಹಿಸುವುದು', ಮುಂದಿನ ವಾರ 'ಮುಖ್ಯಾಂಶ ಗುರುತಿಸುವುದು', ಅದರ ಮುಂದಿನ ವಾರ 'ಸಂಗತಿ ಮತ್ತು ಅಭಿಪ್ರಾಯ ಬೇರ್ಪಡಿಸುವುದು'. ಭಾನುವಾರಗಳು ಹೋದವು, ಜೆರಾಕ್ಸ್ ಅಂಗಡಿಯವನು ನನ್ನ ಹೆಸರಲ್ಲಿ ಖಾತೆ ತೆರೆದ.

ಕಾಗದದ ಮೇಲೆ ಇದಕ್ಕಿಂತ ಚೆಂದದ ಯೋಜನೆ ನಾನು ಬರೆದಿಲ್ಲ. ಶಾಲೆ ನೋಡಲು ಬಂದ ಸಿಆರ್‌ಪಿಯವರು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ನನ್ನ ಪಾಠಯೋಜನೆಯ ದಿನಚರಿಯ ಫೋಟೊ ತೆಗೆದುಕೊಂಡು ಹೋದರು. ಓದಿನಲ್ಲಿ ತೀರಾ ಹಿಂದುಳಿದ ಮಕ್ಕಳಿಗೆ ಅದು ಅನುಕೂಲವೂ ಆಯಿತು. ಏಳನೇ ತರಗತಿಗೆ ಬಂದರೂ ಒತ್ತಕ್ಷರ ಬಂದಲ್ಲಿ ನಿಂತುಬಿಡುವ ಐದಾರು ಮಕ್ಕಳು ನನ್ನಲ್ಲಿ ಪ್ರತಿ ವರ್ಷ ಇರುತ್ತಾರೆ. ಎಂಟು ಸಾಲಿನ ತುಣುಕು ಅವರಿಗೆ ಎಟುಕುತ್ತಿತ್ತು. ಓದಿ ಮುಗಿಸಿದೆ ಎನ್ನುವ ಸುಖ ಅವರಿಗೆ ಅಪರೂಪ, ಅದು ವಾರಕ್ಕೆ ನಾಲ್ಕು ಸಲ ಸಿಕ್ಕಿತು.

ಉಳಿದವರಿಗೆ ಏನಾಯಿತು ಎಂಬುದು ನವೆಂಬರ್‌ನಲ್ಲಿ ಗೊತ್ತಾಯಿತು. ಎರಡು ಪುಟದ ಒಂದು ಕಥೆ ಕೊಟ್ಟು, ಓದಿ ಬನ್ನಿ, ನಾಳೆ ಮಾತಾಡೋಣ ಎಂದೆ. ಮರುದಿನ ಒಬ್ಬ ಹುಡುಗ ಎದ್ದು ಕೇಳಿದ, "ಸರ್, ಇದರಲ್ಲಿ ಏನು ಹುಡುಕಬೇಕು?" ಅವನ ತಪ್ಪಲ್ಲ. ಐದು ತಿಂಗಳು ನಾನು ಅವನಿಗೆ ಹುಡುಕುವುದನ್ನೇ ಕಲಿಸಿದ್ದೆ. ಬರಹ ಎಂದರೆ ಏನನ್ನೋ ಬಚ್ಚಿಟ್ಟ ಗುಡಾಣ, ಮೇಷ್ಟ್ರು ಹೇಳಿದ್ದನ್ನು ಅದರೊಳಗಿಂದ ತೆಗೆದು ಕೊಟ್ಟರೆ ಓದು ಮುಗಿಯಿತು. ಕಥೆಯಲ್ಲಿ ಅಜ್ಜಿ ಸತ್ತದ್ದು ಅವರಲ್ಲಿ ಯಾರನ್ನೂ ತಟ್ಟಿರಲಿಲ್ಲ. ಮುಖ್ಯಾಂಶ ಏನು ಎಂದರೆ ಮಾತ್ರ "ಅಜ್ಜಿಯ ಮರಣ" ಎಂದು ಬರೆದುಕೊಟ್ಟರು.

ಇದಕ್ಕೆ ಹೇಸಿ ಎರಡನೇ ವರ್ಷ ಹಳೆಯ ದಾರಿಗೆ ಮರಳಿದೆ. ಪಠ್ಯಪುಸ್ತಕದ ಕ್ರಮದಲ್ಲೇ ಪಾಠ, ಪ್ರತಿ ಪಾಠದ ಮುಂದೆ ಅದಕ್ಕೆ ಸಲ್ಲುವ ಕಲಿಕಾ ಫಲ. ನಮ್ಮ ಕಡೆ ಹೆಚ್ಚಿನ ಶಾಲೆಗಳಲ್ಲಿ ನಡೆಯುವುದು ಇದೇ, ಅದಕ್ಕೆ ಕಾರಣವೂ ಇದೆ. ವರ್ಷದ ನಾಲ್ಕು ರೂಪಣಾತ್ಮಕ (ಕಲಿಕೆಯ ನಡುವಿನ), ಎರಡು ಸಂಕಲನಾತ್ಮಕ (ಅವಧಿಯ ಕೊನೆಯ) ಮೌಲ್ಯಮಾಪನಗಳ ನಡುವೆ ಪಾಠಗಳು ತಾವಾಗಿಯೇ ಕೂತುಕೊಳ್ಳುತ್ತವೆ. ಶಿಕ್ಷಕರು ರಜೆ ಹಾಕಿದರೆ ಬದಲಿಗೆ ಬಂದವರಿಗೆ ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಿರುತ್ತದೆ. ಮನೆಯಲ್ಲಿ ಓದು ಬಲ್ಲ ಅಕ್ಕನೋ ಅಣ್ಣನೋ ಇದ್ದರೆ ಅವರಿಗೂ ಗೊತ್ತಿರುತ್ತದೆ. ಯೋಜನೆಗೆ ವಾರಕ್ಕೆ ಅರ್ಧ ಗಂಟೆ ಸಾಕು.

ಆದರೆ ಬಲಗಡೆಯ ಅಂಕಣ ಸುಳ್ಳಾಗತೊಡಗಿತು. ಯಾವ ಪಾಠಕ್ಕೆ ಯಾವ ಫಲ ಬೇಕಾದರೂ ಹೊಂದುತ್ತದೆ ಎಂಬುದು ಬರೆಯುತ್ತಾ ಬರೆಯುತ್ತಾ ತಿಳಿಯಿತು. 'ಓದಿ ಅರ್ಥ ಮಾಡಿಕೊಂಡು ಪ್ರತಿಕ್ರಿಯಿಸುವರು' ಎಂಬ ವಾಕ್ಯವನ್ನು ಪ್ರವಾಸಕಥನಕ್ಕೂ ಹಾಕಿದೆ, ಪದ್ಯಕ್ಕೂ ಹಾಕಿದೆ, ನಾಟಕದ ತುಣುಕಿಗೂ ಹಾಕಿದೆ. ಮಾರ್ಚ್‌ನಲ್ಲಿ ದಿನಚರಿ ತಿರುವಿದರೆ ಅದೇ ವಾಕ್ಯ ಒಂಬತ್ತು ಸಲ. ತರಗತಿಯಲ್ಲಿ ನಡೆದದ್ದು ನನ್ನ ಮೇಷ್ಟ್ರು ನಮಗೆ ಮಾಡಿದ್ದೇ: ನಾನು ಓದುವುದು, ನಾನು ವಿವರಿಸುವುದು, ಅಭ್ಯಾಸದ ಉತ್ತರ ಬೋರ್ಡಿನ ಮೇಲೆ ಬರೆಯುವುದು, ಅವರು ಅದನ್ನು ಇಳಿಸಿಕೊಳ್ಳುವುದು. ಮಕ್ಕಳು ಪಾಠವನ್ನು ಇಷ್ಟಪಟ್ಟರು, ಅದನ್ನು ಅಲ್ಲಗಳೆಯುವುದಿಲ್ಲ. ಪಾಠದಲ್ಲಿ ಬಂದ ಕತ್ತೆಗೆ ಹೆಸರಿಟ್ಟು ವರ್ಷವಿಡೀ ನಕ್ಕರು. ಆದರೆ ಅಪರಿಚಿತ ಗದ್ಯಭಾಗ ಕೊಟ್ಟ ದಿನ ತಲೆ ಎತ್ತಿ ನನ್ನ ಮುಖ ನೋಡಿದರು. ಯಾರಾದರೂ ಮೊದಲು ಓದಿ ಹೇಳಬೇಕಲ್ಲ!

ಈ ಎರಡನ್ನೂ ಪಕ್ಕಪಕ್ಕ ಇಟ್ಟರೆ ಮೊದಲ ವರ್ಷದ ಮಕ್ಕಳು ಉತ್ತರ ಹುಡುಕಬಲ್ಲವರಾದರು, ಎರಡನೇ ವರ್ಷದವರು ಕಥೆ ಕೇಳಬಲ್ಲವರಾದರು. ತಾವಾಗಿ ಓದುವವರು ಎರಡರಲ್ಲೂ ಬೆರಳೆಣಿಕೆಯಷ್ಟು. ಅವರಂತೂ ಯಾವ ಯೋಜನೆ ಇದ್ದರೂ ಓದುತ್ತಿದ್ದರು.

ಮೂರನೆಯದನ್ನು ನಾನು ಜೂನ್‌ನಲ್ಲಿ ಕೂತು ಯೋಜಿಸಿದ್ದಲ್ಲ. 2024ರ ಆಗಸ್ಟ್ 10ರ ಶನಿವಾರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ ಹೆಚ್ಚುವರಿ ನೀರು ಹೊರಬಿಡುವ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ನಮ್ಮ ಮಕ್ಕಳ ಮನೆಗಳಲ್ಲಿ ಭತ್ತ ನಾಟಿ ನಡೆಯುತ್ತಿದ್ದ ಕಾಲ. ಸೋಮವಾರ ಶಾಲೆಗೆ ಬಂದರೆ ಯಾರ ಬಾಯಲ್ಲೂ ಬೇರೆ ಮಾತಿಲ್ಲ. ಡ್ಯಾಂ ಖಾಲಿಯಾಗುತ್ತದಂತೆ, ಎರಡನೇ ಬೆಳೆಗೆ ನೀರಿಲ್ಲವಂತೆ, ಸೇತುವೆ ಮುಳುಗುತ್ತದಂತೆ. ಎಲ್ಲವೂ 'ಅಂತೆ'. ಆ ದಿನದ ದಿನಚರಿಯಲ್ಲಿ ಒಂದು ಪದ್ಯವಿತ್ತು. ಅದನ್ನು ಬದಿಗಿಟ್ಟು, ಬಸ್ ಸ್ಟ್ಯಾಂಡಿನಿಂದ ಎರಡು ಬೇರೆ ಬೇರೆ ಪತ್ರಿಕೆ ತರಿಸಿದೆ.

ಮೂರು ವಾರ ಅದೇ ಸುದ್ದಿ ಓದಿದೆವು. ಹೊಸ ಗೇಟು ಕೂರಿಸುವ ಬದಲು ಸ್ಟಾಪ್ ಲಾಗ್ ಎಂಬ ತಾತ್ಕಾಲಿಕ ಅಡ್ಡಹಲಗೆಗಳನ್ನು ಇಳಿಸಿ ನೀರು ತಡೆದ ವರದಿಗಳು ಒಂದು ವಾರದಲ್ಲಿ ಬಂದವು, ಅವನ್ನೂ ಸೇರಿಸಿಕೊಂಡೆವು. ಫಲಗಳ ಪಟ್ಟಿಯಿಂದ ನಾಲ್ಕನ್ನು ಮಾತ್ರ ಆರಿಸಿ, ಮಕ್ಕಳಿಗೆ ಅರ್ಥವಾಗುವ ಪ್ರಶ್ನೆಗಳಾಗಿ ಮಾಡಿ ಗೋಡೆಗೆ ಹಚ್ಚಿದೆ. ಗೊತ್ತಿಲ್ಲದ ಪದಕ್ಕೆ ಅಕ್ಕಪಕ್ಕದ ಸಾಲು ಏನು ಹೇಳುತ್ತದೆ? ಇದು ನಡೆದದ್ದೋ, ಯಾರೋ ಅಂದುಕೊಂಡದ್ದೋ? ಇಬ್ಬರು ಬರೆದದ್ದರಲ್ಲಿ ಎಲ್ಲಿ ವ್ಯತ್ಯಾಸ? ಯಾವುದನ್ನು ಹೇಳದೆ ಬಿಟ್ಟಿದ್ದಾರೆ?

'ಕ್ಯುಸೆಕ್' ಪದ ಬಂದಾಗ ನಾನು ಬಾಯಿ ಬಿಡಲಿಲ್ಲ. ಅದು ನೀರಿನ ಅಳತೆ ಎಂದು ಒಬ್ಬ ಹೇಳಿದ. ಟಿಎಂಸಿಯೂ ನೀರಿನ ಅಳತೆಯೇ, ಹಾಗಾದರೆ ಎರಡೇಕೆ ಎಂದು ಇನ್ನೊಬ್ಬ ಕೇಳಿದ. ವರದಿಯನ್ನು ಮತ್ತೆ ಓದಿದರು. ಸಂಗ್ರಹದ ಮಾತು ಬಂದಲ್ಲೆಲ್ಲ ಟಿಎಂಸಿ, ಹರಿಯುವ ಮಾತು ಬಂದಲ್ಲೆಲ್ಲ ಕ್ಯುಸೆಕ್. "ನಿಂತ ನೀರಿಗೆ ಒಂದು, ಓಡುವ ನೀರಿಗೆ ಒಂದು" ಎಂದು ಅವರೇ ತೀರ್ಮಾನಿಸಿದರು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್ ಎಂದು ಆಮೇಲೆ ನಾನು ಹೇಳಿದೆ. ಸೆಕೆಂಡಿಗೆ ಎರಡು ಕೊಡ ಎಂದು ಅವರು ಲೆಕ್ಕ ಹಾಕಿಕೊಂಡರು. ಮೊದಲ ವರ್ಷ ಒಂದು ಇಡೀ ವಾರ ಮೀಸಲಿಟ್ಟು ಕಲಿಸಿದ್ದೆನಲ್ಲ, ಸಂದರ್ಭದಿಂದ ಅರ್ಥ ಊಹಿಸುವುದು, ಅದು ಇಲ್ಲಿ ಒಂದು ಪೀರಿಯಡ್‌ನಲ್ಲಿ ಆಗಿಹೋಯಿತು.

ನಾಲ್ಕನೇ ಪ್ರಶ್ನೆಯದು ಇನ್ನೂ ಚೆನ್ನಾಗಿತ್ತು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎರಡೂ ವರದಿಗಳ ಕ್ರಿಯಾಪದಗಳಿಗೆ ಪೆನ್ಸಿಲ್‌ನಿಂದ ಗೆರೆ ಎಳೆದಿದ್ದಳು. ಒಂದರಲ್ಲಿ 'ಕೊಚ್ಚಿಹೋಗಿದೆ', ಇನ್ನೊಂದರಲ್ಲಿ 'ಕಳಚಿಬಿದ್ದಿದೆ', ಎರಡರಲ್ಲೂ 'ತುಂಡಾಗಿದೆ'. "ಸರ್, ಎಲ್ಲವೂ ತಾನಾಗಿಯೇ ಆಗಿದೆ. ಚೈನ್ ನೋಡಿಕೊಳ್ಳುವವರು ಯಾರು ಅಂತ ಎರಡರಲ್ಲೂ ಬರೆದಿಲ್ಲ" ಎಂದಳು. ಕರ್ತೃವಿಲ್ಲದ ವಾಕ್ಯದ ಬಗ್ಗೆ ನಾನು ವ್ಯಾಕರಣದ ಪಾಠದಲ್ಲಿ ಎಷ್ಟು ಸಲ ಗಂಟಲು ಹರಿದುಕೊಂಡಿದ್ದೇನೋ. ಅದು ಯಾಕೆ ಬೇಕು ಎಂದು ಆ ದಿನ ಆ ಹುಡುಗಿ ತರಗತಿಗೆ ತೋರಿಸಿಕೊಟ್ಟಳು.

ಅಲ್ಲಿಂದ ಮುಂದೆ ಆ ವರ್ಷದ ಯೋಜನೆಯ ರೂಪವೇ ಬದಲಾಯಿತು. ಎಡಗಡೆ ಒಂದು ವಿಷಯ, ಅದಕ್ಕೆ ಪಠ್ಯಪುಸ್ತಕದ ಒಂದೆರಡು ಪಾಠ ಮತ್ತು ಹೊರಗಿನ ಎರಡು ಮೂರು ಬರಹ, ಮೂರು ವಾರ. ಬಲಗಡೆ ನಾಲ್ಕೇ ಫಲಗಳು, ಪ್ರತಿ ಸುತ್ತಿಗೂ ಅವೇ. ಅವಧಿಯ ಕೊನೆಗೆ ನೋಡಿದಾಗ ಆ ನಾಲ್ಕರಲ್ಲಿ ಯಾವ ಮಗು ಎಲ್ಲಿದೆ ಎಂದು ರಿಜಿಸ್ಟರ್ ತೆರೆಯದೆ ಹೇಳಬಲ್ಲವನಾಗಿದ್ದೆ. ಹಿಂದಿನ ಎರಡು ವರ್ಷ ರಿಜಿಸ್ಟರ್ ಹೇಳುತ್ತಿತ್ತು, ನನಗೆ ಗೊತ್ತಿರಲಿಲ್ಲ.

ಆದರೆ ಖರ್ಚು ಇದೆ, ಅದನ್ನು ಮುಚ್ಚಿಡಬಾರದು. ಪಾಠಗಳು ಹಿಂದೆ ಬಿದ್ದವು. ಎರಡನೇ ಸಂಕಲನಾತ್ಮಕ ಪರೀಕ್ಷೆಗೆ ಮೊದಲು ಎರಡು ಪದ್ಯಗಳನ್ನು ಓಡಿಸಿಕೊಂಡು ಹೋದೆ, ಓದಿದೆವು ಎನ್ನಲು ನಾಚಿಕೆಯಾಗುತ್ತದೆ. ಪದ್ಯ ಈ ಚೌಕಟ್ಟಿಗೆ ಸುಲಭವಾಗಿ ಒಗ್ಗುವುದೇ ಇಲ್ಲ. ಸುದ್ದಿಗೆ ಕೇಳುವ ಪ್ರಶ್ನೆಯನ್ನು ನಡುಗನ್ನಡದ ಪದ್ಯಕ್ಕೆ ಕೇಳಿದರೆ ಎರಡಕ್ಕೂ ಅವಮಾನ. ಅವುಗಳಿಗೆ ಬೇರೆಯೇ ಪೀರಿಯಡ್ ಬೇಕು, ಗಟ್ಟಿಯಾಗಿ ಓದಬೇಕು, ಬಾಯಿಪಾಠ ಮಾಡಿಸಬೇಕು. ನಾನು ಹಳಬ, ಬಾಯಿಪಾಠದ ಪಕ್ಷ.

ದೊಡ್ಡ ನಷ್ಟ ಒತ್ತಕ್ಷರದ ಮಕ್ಕಳದು. ಗುಂಪಿನಲ್ಲಿ ಕೂತು ಚರ್ಚೆ ನಡೆಯುವಾಗ ಅವರು ಜಾಣತನದಿಂದ ತಪ್ಪಿಸಿಕೊಳ್ಳುತ್ತಾರೆ. ಡ್ಯಾಂ ಬಗ್ಗೆ ಎಲ್ಲರಿಗಿಂತ ಜೋರಾಗಿ ಮಾತಾಡಿದ ಹುಡುಗನ ಕೈಗೆ ಪತ್ರಿಕೆ ಕೊಟ್ಟು ಒಂದು ಸಾಲು ಓದು ಎಂದಾಗ 'ಅಧಿಕಾರಿಗಳು' ಎಂಬಲ್ಲಿಯವರೆಗೆ ಬಂದು, 'ದುರಸ್ತಿ' ಎಂಬಲ್ಲಿ ನಿಂತ. ಅವನು ಮೂರು ವಾರ ಸುದ್ದಿ ಕೇಳಿದ್ದ, ಓದಿರಲಿಲ್ಲ. ನಾಲ್ಕೂ ಪ್ರಶ್ನೆಗೆ ಬಾಯಲ್ಲಿ ಉತ್ತರ ಕೊಟ್ಟಿದ್ದರಿಂದ ನಾನು ಅವನ ಮುಂದೆ ಸರಿ ಗುರುತು ಹಾಕಿಬಿಟ್ಟಿದ್ದೆ. ಮೊದಲ ವರ್ಷದ ತುಣುಕುಗಳಲ್ಲಾದರೆ ಇವನು ಎರಡನೇ ದಿನವೇ ಸಿಕ್ಕಿಬೀಳುತ್ತಿದ್ದ.

ಹಾಗಾಗಿ ಯಾವುದು ಮೇಲು ಎಂದು ಕೇಳಿದವರಿಗೆ ನಾನು ಮೊದಲು ಕೇಳುವುದು, ನಿಮ್ಮಲ್ಲಿ ಎಷ್ಟು ಮಕ್ಕಳು ಒಂದು ಪುಟವನ್ನು ತಡೆಯಿಲ್ಲದೆ ಓದುತ್ತಾರೆ ಎಂದು. ಮುಕ್ಕಾಲು ಪಾಲು ಓದುತ್ತಾರೆ ಎಂದಾದರೆ ಮೂರನೆಯದನ್ನು ಬಿಟ್ಟು ಬೇರೆ ಮಾಡಬೇಡಿ. ಅರ್ಧಕ್ಕಿಂತ ಕಡಿಮೆ ಎಂದಾದರೆ ಮೊದಲ ಅವಧಿಯವರೆಗೆ ತುಣುಕುಗಳೇ ಇರಲಿ, ಫಲದ ಹೆಸರು ಮಾತ್ರ ಮಕ್ಕಳ ಮುಂದೆ ಎತ್ತಬೇಡಿ. ಹೊಸದಾಗಿ ಸೇರಿದ ಶಿಕ್ಷಕರಿಗೆ ಪಠ್ಯಪುಸ್ತಕದ ಕ್ರಮವೇ ಸರಿ, ಮೊದಲ ವರ್ಷ ಬದುಕಿ ಉಳಿಯುವುದೇ ದೊಡ್ಡದು. ಅವರು ಬಲಗಡೆಯ ಅಂಕಣದಲ್ಲಿ ಒಂದು ಪಾಠಕ್ಕೆ ಒಂದೇ ಫಲ ಬರೆಯಲಿ, ಒಮ್ಮೆ ಬರೆದ ವಾಕ್ಯವನ್ನು ಮುಂದಿನ ಪಾಠಕ್ಕೆ ಬರೆಯದಿರಲಿ. ಇಷ್ಟು ಕಟ್ಟುನಿಟ್ಟು ಮಾಡಿಕೊಂಡಿದ್ದರೆ ನನ್ನ ಎರಡನೇ ವರ್ಷ ಅಷ್ಟು ಪೊಳ್ಳಾಗುತ್ತಿರಲಿಲ್ಲ.

ನಾನು ಈಗ ಮೂರನೆಯದರಲ್ಲೇ ಇದ್ದೇನೆ, ಎರಡು ತಿದ್ದುಪಡಿಯೊಂದಿಗೆ. ಶುಕ್ರವಾರದ ಕನ್ನಡ ಪೀರಿಯಡ್ ಪದ್ಯಕ್ಕೆ ಮೀಸಲು. ಇನ್ನೊಂದು, ಬೆಳಗಿನ ಪ್ರಾರ್ಥನೆಗೆ ಮೊದಲಿನ ಹತ್ತು ನಿಮಿಷ. ಒತ್ತಕ್ಷರದ ಮಕ್ಕಳು ಆಗ ಒಬ್ಬೊಬ್ಬರಾಗಿ ನನ್ನ ಪಕ್ಕ ನಿಂತು ಅಂದಿನ ಪತ್ರಿಕೆಯ ಎಂಟು ಸಾಲು ಓದುತ್ತಾರೆ. 'ದುರಸ್ತಿ'ಯ ಹುಡುಗ ಎಂಟನೇ ತರಗತಿಗೆ ಹೋದ. ಆದರೂ ಬೆಳಿಗ್ಗೆ ಬಂದು ನಿಲ್ಲುತ್ತಾನೆ, ಜಲಾಶಯದ ಒಳಹರಿವು ಹೊರಹರಿವಿನ ಪೆಟ್ಟಿಗೆಯನ್ನು ಮೊದಲು ತಾನೇ ಓದಬೇಕು ಎಂದು ಹಟ ಹಿಡಿಯುತ್ತಾನೆ.