ಫ್ಲೈಟ್‌ರಾಡಾರ್24 ಆ್ಯಪ್: ಬಜ್ಪೆಯಿಂದ ನಾಲ್ಕು ಸ್ಟಾರ್

ಅಣ್ಣ ದುಬೈಯಲ್ಲಿದ್ದಾನೆ. ಅವನನ್ನು ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣದಿಂದ ಕರೆತರಲು ಮನೆಯಿಂದ ಎಷ್ಟು ಹೊತ್ತಿಗೆ ಹೊರಡಬೇಕು ಅಂತ ನೋಡಲು, ವಿಮಾನ ಈಗ ಎಲ್ಲಿದೆ ಅಂತ ನಕ್ಷೆಯಲ್ಲಿ ತೋರಿಸುವ ಈ ಆ್ಯಪ್ ಹಾಕಿಕೊಂಡೆ. ಆ ಕೆಲಸಕ್ಕೆ ಬೊಂಬಾಟ್. ವಿಮಾನ ಕರಾವಳಿ ಹತ್ತಿರ ಬಂದದ್ದು ನೋಡಿ, ಚಾ ಕುಡಿದು ಹೊರಟರೂ ನಡೆಯುತ್ತದೆ. ಉಚಿತದ್ದೇ ಸಾಕು, ದುಡ್ಡು ಕೊಡುವುದು ಬೇಡ.

ಆದರೆ ಇದನ್ನು ಹಿಡಿದುಕೊಂಡು ತನಿಖೆಗೆ ಇಳಿಯಬೇಡಿ ಮಾರಾಯ್ರೇ. ನಾನು ಇಳಿದಿದ್ದೆ, ಸುಳ್ಳು ಯಾಕೆ ಹೇಳಲಿ. 2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ಏರ್ ಇಂಡಿಯಾ 171 ಬಿತ್ತಲ್ವಾ, ಆವತ್ತು ಆ್ಯಪ್‌ನವರು ಹಾಕಿದ ಮೊದಲ ನಕ್ಷೆಯಲ್ಲಿ ವಿಮಾನ ರನ್‌ವೇ ಮಧ್ಯದಿಂದಲೇ ಓಡಿದ ಹಾಗೆ ಕಾಣುತ್ತಿತ್ತು. 'ಅರ್ಧ ರನ್‌ವೇಯಲ್ಲಿ ಹಾರಿಸಿದ್ದಾನೆ ಪೈಲಟ್' ಅಂತ ಫ್ಯಾಮಿಲಿ ಗ್ರೂಪಿಗೆ ಹಾಕಿಯೇ ಬಿಟ್ಟೆ. ಆಮೇಲೆ ವಿಮಾನದ ಸಿಗ್ನಲ್ ಹಿಡಿಯುವ ಒಂದೊಂದು ರಿಸೀವರ್‌ನ ಡೇಟಾ ನೋಡಿ ಆ್ಯಪ್‌ನವರೇ ತಿದ್ದಿದರು: ವಿಮಾನ ತುದಿವರೆಗೆ ಹೋಗಿ, ತಿರುಗಿ, ಪೂರ್ತಿ ರನ್‌ವೇ ಬಳಸಿತ್ತು. ನೆಲದ ಮೇಲಿದ್ದಾಗ ಸಿಗ್ನಲ್ ಎಲ್ಲ ಆಂಟೆನಾಗೂ ಸಿಗುವುದಿಲ್ಲ, ಅಷ್ಟೇ ಸಂಗತಿ. ಆ್ಯಪ್‌ಗೆ ಕೊನೆಗೆ ಸಿಕ್ಕಿದ 625 ಅಡಿ ಎತ್ತರ ಕೂಡ ನೆಲದಿಂದ ಅಳೆದದ್ದಲ್ಲ. ಗಾಳಿಯ ಒತ್ತಡದ ಲೆಕ್ಕ ಅದು, ಅಲ್ಲಿನ ನಿಲ್ದಾಣವೇ ಸಮುದ್ರ ಮಟ್ಟದಿಂದ ಸುಮಾರು 200 ಅಡಿ ಎತ್ತರದಲ್ಲಿದೆ.

ಪಕ್ಕದ ಮನೆಯವರು, ಪೈಲಟ್ ಫ್ಲಾಪ್ (ಮೇಲೇರಲು ರೆಕ್ಕೆಯ ಹಿಂದೆ ಇಳಿಸುವ ಹಲಗೆ) ಹಾಕಿರಲಿಲ್ಲ ಅಂದರು. ತಿಂಗಳಾದ ಮೇಲೆ ತನಿಖೆಯ ಪ್ರಾಥಮಿಕ ವರದಿ ಬಂತು. ಫ್ಲಾಪ್ ಹಿಡಿ 5 ಡಿಗ್ರಿಯಲ್ಲಿ, ಟೇಕಾಫ್‌ಗೆ ಎಲ್ಲಿರಬೇಕೋ ಅಲ್ಲೇ ಸಿಕ್ಕಿತ್ತು. ಇಂಧನದ ಎರಡೂ ಸ್ವಿಚ್ ಕಟ್‌ಆಫ್‌ಗೆ, ಅಂದರೆ ಇಂಧನ ನಿಲ್ಲಿಸುವ ಕಡೆಗೆ, ಹೋಗಿದ್ದವು ಅಂತಲೂ ಇತ್ತು. ಯಾಕೆ ಹೋದವು ಅಂತ ಅದರಲ್ಲಿ ಇಲ್ಲ. ನಮ್ಮ ಗ್ರೂಪಿನಲ್ಲಿ ಮಾತ್ರ ಅದೂ ಗೊತ್ತಿತ್ತು.

ನಮ್ಮೂರಿನವರಿಗೆ ಇದು ಹೊಸದಲ್ಲ. 2010ರ ಮೇ 22ರಂದು ಬಜ್ಪೆ ನಿಲ್ದಾಣದ ಪಕ್ಕದ ಕೆಂಜಾರಿನಲ್ಲಿ ವಿಮಾನ ಬಿದ್ದು 158 ಜನ ಹೋದಾಗ ನಾವೆಲ್ಲ 'ರನ್‌ವೇ ಚಿಕ್ಕದು' ಅಂದೇ ಮುಗಿಸಿದ್ದೆವು. ತನಿಖೆಯಲ್ಲಿ ಹೊರಬಂದದ್ದು ಬೇರೆ. 8,033 ಅಡಿ ರನ್‌ವೇಯಲ್ಲಿ ವಿಮಾನ ನೆಲ ಮುಟ್ಟಿದ್ದೇ ಸುಮಾರು 5,200 ಅಡಿ ಕಳೆದ ಮೇಲೆ. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಜಾಸ್ತಿ ನಿದ್ದೆ ಹೋಗಿದ್ದರು, ಸಹಪೈಲಟ್ 'ಗೋ ಅರೌಂಡ್' (ಇಳಿಸದೆ ಮತ್ತೆ ಮೇಲೇರಿಸಿ) ಅಂದರೂ ಇಳಿಸಿದರು. ಬಜ್ಪೆಯ ರೇಡಾರ್ ಬೇರೆ ಕೆಟ್ಟಿತ್ತು. ಇದರಲ್ಲಿ ಎಂಥದು ಆ್ಯಪ್‌ನಲ್ಲಿ ಕಾಣುತ್ತದೆ ಹೇಳಿ?

ಕಳೆದ ಮಳೆಗಾಲದಲ್ಲಿ ಅಣ್ಣನ ವಿಮಾನ ಆಕಾಶದಲ್ಲೇ ಎರಡು ಸುತ್ತು ಹೊಡೆಯಿತು. ಅತ್ತಿಗೆ ಫೋನ್ ನೋಡಿ, 'ಈ ಪೈಲಟ್‌ಗೆ ಇಳಿಸಲು ಬರುವುದಿಲ್ಲ ಕಾಣುತ್ತದೆ' ಅಂದರು. ನಾನು ಹೊರಗೆ ನೋಡಿದೆ. ಅಂಗಳದ ತೆಂಗಿನ ಮರವೇ ಕಾಣುತ್ತಿರಲಿಲ್ಲ.