ವ್ಯಾಗನ್‌ಆರ್ ಸಿಎನ್‌ಜಿ: ಗ್ಯಾಸಿನ ಭಾಗಗಳು ಎಲ್ಲಿವೆ, ಕೈಗೆ ಎಷ್ಟು ಸಿಗುತ್ತವೆ

ಹುಬ್ಬಳ್ಳಿ-ಧಾರವಾಡದ ನಡುವೆ ದಿನಾ ಓಡಾಡುವವರು ಸಿಎನ್‌ಜಿ ಕಾರು ಕೊಳ್ಳುವಾಗ ಮೊದಲು ಕೇಳುವುದು ಮೈಲೇಜ್. ಮಾರುತಿ ವ್ಯಾಗನ್‌ಆರ್‌ಗೆ ಕಂಪನಿ ಹೇಳುವುದು ಕೆಜಿಗೆ 34.05 ಕಿ.ಮೀ. ಆದರೆ ಗ್ಯಾಸ್ ವಾಸನೆ ಬಂದರೆ ಎಲ್ಲಿ ಕೈ ಹಾಕಬೇಕು ಅನ್ನುವುದನ್ನೂ ಶೋರೂಮಿನಲ್ಲೇ ನೋಡಿಕೊಳ್ಳಬೇಕು. ಆ ವಿಷಯದಲ್ಲಿ ಡಿಕ್ಕಿ ಒಂದನ್ನು ಬಿಟ್ಟರೆ ಈ ಕಾರು ಚೆನ್ನಾಗಿದೆ.

ಗ್ಯಾಸ್ ತುಂಬಿಸುವ ನಾಜಲ್ ಪೆಟ್ರೋಲ್ ಕ್ಯಾಪಿನ ಪಕ್ಕದಲ್ಲೇ, ಒಂದೇ ಮುಚ್ಚಳದೊಳಗೆ ಇದೆ. ಬಾನೆಟ್ ಎತ್ತಿ ತುಂಬಿಸಬೇಕಿದ್ದ ಹಳೆಯ ಕಾರುಗಳಿಗಿಂತ ಇದು ಎಷ್ಟೋ ಲೇಸು. ಮುಚ್ಚಳ ತೆರೆದಿದ್ದರೆ ಎಂಜಿನ್ ಸ್ಟಾರ್ಟ್ ಆಗದಂತೆ ಅಲ್ಲೊಂದು ಸಣ್ಣ ಸ್ವಿಚ್ ಇದೆ. ಗದಗ ರಸ್ತೆಯ ಎರೆಮಣ್ಣು ಅಲ್ಲಿ ಮೆತ್ತಿಕೊಂಡರೆ ಮುಚ್ಚಳ ಪೂರ್ತಿ ಕೂರುವುದಿಲ್ಲ, ಕಾರೂ ಸ್ಟಾರ್ಟ್ ಆಗುವುದಿಲ್ಲ. ಬ್ಯಾಟರಿ ನೋಡುವ ಮೊದಲು ಇದನ್ನು ನೋಡಿ. ನಾಜಲ್ ಮೇಲಿನ ಧೂಳು-ಕ್ಯಾಪ್ ಕಳೆದುಕೊಳ್ಳಬೇಡಿ. ಮರಳಿನ ಕಣ ಹೊಕ್ಕರೆ ಸೋರದಂತೆ ತಡೆಯುವ ರಬ್ಬರ್ ಬಳೆ (ಓ-ರಿಂಗ್) ಗೀರಿ, ತುಂಬಿಸುವಾಗ ಸುಯ್ಯೆಂದು ಗ್ಯಾಸ್ ಸೋರುತ್ತದೆ.

ಡಿಕ್ಕಿಯಲ್ಲಿರುವುದು 60 ಲೀಟರ್ ನೀರು ಹಿಡಿಯುವ ಸಿಲಿಂಡರ್. 200 ಬಾರ್ ಒತ್ತಡಕ್ಕೆ ತುಂಬಿದರೆ ಸಾಮಾನ್ಯವಾಗಿ 8-9 ಕೆಜಿ ಗ್ಯಾಸ್ ಹಿಡಿಯುತ್ತದೆ, ಏಪ್ರಿಲ್ ಬಿಸಿಲಲ್ಲಿ ಇನ್ನೂ ಕಡಿಮೆ. ಗ್ಯಾಸ್ ಬಂದ್ ಮಾಡುವ ಕೈ ವಾಲ್ವ್ ಇರುವುದು ಇದರ ಬಾಯಿಯಲ್ಲೇ. ಗಡಿಯಾರದ ಮುಳ್ಳು ತಿರುಗುವ ಕಡೆ ತಿರುಗಿಸಿದರೆ ಬಂದ್. ಅವಸರದಲ್ಲಿ ಮೊದಲು ಬೇಕಾಗುವುದೇ ಅದು, ಸಂತೆಯ ಚೀಲಗಳ ಕೆಳಗೆ ಮೊದಲು ಮುಚ್ಚಿಹೋಗುವುದೂ ಅದೇ. ಆ ಕಡೆ ಒಂದು ಗೇಣು ಜಾಗ ಖಾಲಿ ಬಿಡಿ. ವಾಲ್ವಿನ ಕವಚದಿಂದ ಹೊರಟ ಕೊಳವೆಗಳು ಸೋರಿದ ಗ್ಯಾಸನ್ನು ಕಾರಿನ ಹೊರಗೆ ಬಿಡುತ್ತವೆ. ಅವನ್ನು ಮಡಚಬೇಡಿ, ಮೇಲೆ ಸಾಮಾನು ಹೇರಬೇಡಿ.

ಸಿಲಿಂಡರಿನಿಂದ ಹೊರಟ ಸ್ಟೀಲ್ ಪೈಪು ಕಾರಿನ ತಳದಲ್ಲಿ ಹಾಯ್ದು ಬಾನೆಟ್ ಒಳಗೆ ಬರುತ್ತದೆ. ಅದರ ಜಾಡು ಹಿಡಿದರೆ ರೆಗ್ಯುಲೇಟರ್ ತಾನಾಗಿ ಸಿಗುತ್ತದೆ. 200 ಬಾರ್ ಒತ್ತಡ ಇಲ್ಲಿ ಕೆಲವೇ ಬಾರ್‌ಗೆ ಇಳಿಯುತ್ತದೆ. ಹೀಗೆ ಹಿಗ್ಗುವಾಗ ಗ್ಯಾಸ್ ವಿಪರೀತ ತಣ್ಣಗಾಗುತ್ತದೆ. ಅದಕ್ಕೇ ಎಂಜಿನ್ನಿನ ಬಿಸಿ ಕೂಲಂಟ್ (ಎಂಜಿನ್ ತಣಿಸುವ ದ್ರವ) ಪೈಪುಗಳನ್ನು ರೆಗ್ಯುಲೇಟರಿಗೆ ಕೊಟ್ಟಿರುತ್ತಾರೆ. ಕೂಲಂಟ್ ಕಡಿಮೆಯಾದರೆ ರೆಗ್ಯುಲೇಟರ್ ಹೆಪ್ಪುಗಟ್ಟಿ ಕಾರು ಜಗ್ಗುತ್ತದೆ. ಇದನ್ನು ಗ್ಯಾಸ್ ದೋಷ ಎಂದುಕೊಂಡು ಎಂಜಿನ್ನಿಗೆ ಗ್ಯಾಸ್ ಚಿಮ್ಮಿಸುವ ಇಂಜೆಕ್ಟರ್ ಬದಲಿಸಿದರೆ ದುಡ್ಡು ವ್ಯರ್ಥ. ರೆಗ್ಯುಲೇಟರಿನಿಂದ ಮುಂದೆ ರಬ್ಬರ್ ಪೈಪು, ಫಿಲ್ಟರ್, ಇಂಜೆಕ್ಟರ್ ರೇಲ್. ಗ್ಯಾಸ್ ತುಂಬಿಸುವ ಪಂಪಿನ ಕಂಪ್ರೆಸರ್ ಎಣ್ಣೆ ಫಿಲ್ಟರಿನಲ್ಲಿ ಕೂಡುತ್ತದೆ. ಅದು ಕಟ್ಟಿಕೊಂಡಾಗ ಏರುದಾರಿಯಲ್ಲಿ ಎಳೆತ ಕುಗ್ಗುತ್ತದೆ.

ಸೋರಿಕೆ ಹುಡುಕಲು ಸೋಪಿನ ನೀರು ಸಾಕು. ಎಂಜಿನ್ ಆರಿಸಿ, ವಾಲ್ವ್ ತೆರೆದಿಟ್ಟು ಪ್ರತಿ ಜೋಡಣೆಗೂ ಹಚ್ಚಿ. ಗುಳ್ಳೆ ಎದ್ದರೆ ವಾಲ್ವ್ ಬಂದ್ ಮಾಡಿ ಮೆಕ್ಯಾನಿಕ್ ಕರೆಸಿ. ಒತ್ತಡ ಇರುವಾಗ ಪಾನಾ ಹಾಕಿ ಬಿಗಿ ಮಾಡಬೇಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸಿಲಿಂಡರ್ ನಂಬರನ್ನೂ ಕೊನೆಯ ಹೈಡ್ರೋ ಟೆಸ್ಟ್ (ನೀರಿನ ಒತ್ತಡ ಕೊಟ್ಟು ಸಿಲಿಂಡರಿನ ಗಟ್ಟಿತನ ನೋಡುವ ಪರೀಕ್ಷೆ) ದಿನಾಂಕವನ್ನೂ ಕಾಗದಕ್ಕೆ ತಾಳೆ ಹಾಕಿ. ಈ ಟೆಸ್ಟ್ 3 ವರ್ಷಕ್ಕೊಮ್ಮೆ ಕಡ್ಡಾಯ. ದಿನಾಂಕ ಮೀರಿದ್ದರೆ ಪಂಪಿನವರು ಗ್ಯಾಸ್ ಹಾಕಲು ಒಪ್ಪದಿರಬಹುದು.