ನಮ್ಮನೆಯ 2 ಲೀಟರ್ ಗ್ರೈಂಡರ್: ಮೂರು ವರ್ಷ ರುಬ್ಬಿದ ಮೇಲೆ

ಮದುವೆಯಾಗಿ ಏಳು ವರ್ಷ ತುಂಬಿದ ದಿನ ನಮ್ಮನೆಯವರು ಆಟೋದಿಂದ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಇಳಿಸಿಕೊಂಡರು. ಅಪ್ಪಿ ಹಿಡಿದು ಗೇಟಿನಿಂದ ಅಡುಗೆಮನೆಗೆ ತರುವಷ್ಟರಲ್ಲಿ ಬೆವೆತು ಹೋಗಿದ್ದರು. ಒಳಗಿದ್ದದ್ದು ಟೇಬಲ್ ಟಾಪ್ ವೆಟ್ ಗ್ರೈಂಡರ್. ನಾನು ಏನಾದರೂ ಹೇಳುವ ಮೊದಲೇ, "ಇದು ನಿನಗಲ್ಲ, ನನಗೆ. ಇನ್ನು ಮೇಲೆ ಹಿಟ್ಟು ರುಬ್ಬೋದು ನನ್ನ ಕೆಲಸ" ಅಂದರು.

ಪಕ್ಕದ ಮನೆ ಆಂಟಿಗೆ ಇದು ಸರಿ ಬರಲಿಲ್ಲ. ಆನಿವರ್ಸರಿಗೆ ಹೆಂಡತಿಗೆ ಸೀರೆ ಕೊಡಿಸುವುದು ಬಿಟ್ಟು ಗ್ರೈಂಡರ್ ತರುತ್ತಾರಾ ಅಂತ ಕೇಳಿದರು. ನನಗೆ ಮಾತ್ರ ಅವತ್ತು ಕಣ್ಣಲ್ಲಿ ನೀರು ಬಂದಿತ್ತು. ಯಾಕೆ ಅಂತ ಹೇಳುತ್ತೇನೆ.

ಆಗ ಮಗನಿಗೆ ಆರು ತಿಂಗಳು, ಮಗಳಿಗೆ ಐದು ವರ್ಷ. ನಾನು ಆಸ್ಪತ್ರೆಯಲ್ಲಿ ನರ್ಸ್. ಹೆರಿಗೆ ರಜೆ ಮುಗಿಸಿ ಆಗಷ್ಟೇ ಡ್ಯೂಟಿಗೆ ಮರಳಿದ್ದೆ. ಮಗಳು ದೋಸೆ ಬಿಟ್ಟು ಬೇರೇನೂ ತಿನ್ನದ ಕಾಲ ಅದು. ಮಧ್ಯಾಹ್ನದ ಶಿಫ್ಟ್ ಮುಗಿಸಿ ರಾತ್ರಿ ಒಂಬತ್ತಕ್ಕೆ ಮನೆಗೆ ಬಂದು, ಮಗುವಿಗೆ ಹಾಲು ಕೊಟ್ಟು, ಆಮೇಲೆ ಮಿಕ್ಸಿಯಲ್ಲಿ ಹಿಟ್ಟು ರುಬ್ಬಬೇಕಿತ್ತು. ಉದ್ದಿಗೆ ಎರಡು ಸಲ, ಅಕ್ಕಿಗೆ ನಾಲ್ಕು ಸಲ ಜಾರು ತುಂಬಿಸಬೇಕು. ನಡುವೆ ಮಿಕ್ಸಿ ಬಿಸಿಯಾಗಿ ನಿಂತೇ ಬಿಡುತ್ತಿತ್ತು. ಅಡಿಯಲ್ಲಿರುವ ಕೆಂಪು ಬಟನ್ ಒತ್ತಿ, ಹತ್ತು ನಿಮಿಷ ಕಾಯಬೇಕು. ಸದ್ದಿಗೆ ಮಗು ಎದ್ದು ಅಳುತ್ತಿತ್ತು. ಒಂದು ರಾತ್ರಿ ಅರ್ಧ ರುಬ್ಬಿದ ಅಕ್ಕಿ ಹಾಗೇ ಬಿಟ್ಟು, ಅಡುಗೆಮನೆ ನೆಲದ ಮೇಲೆ ಕೂತು ಮಗುವಿಗೆ ಹಾಲು ಕುಡಿಸಿದೆ. ಅದನ್ನು ಇವರು ನೋಡಿದ್ದರು. ಅವತ್ತು ಏನೂ ಹೇಳಲಿಲ್ಲ. ಮೂರು ವಾರದ ನಂತರ ಪೆಟ್ಟಿಗೆ ಬಂತು.

ಗ್ರೈಂಡರ್ ಕೊಳ್ಳಬೇಕಾ ಬೇಡವಾ ಅಂತ ಯೋಚಿಸುವ ಮನೆಗಳಿಗೆ ಇದನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕುವುದಿಲ್ಲ. ನಮ್ಮದು ಕೊಯಮತ್ತೂರಿನಲ್ಲಿ ತಯಾರಾದದ್ದು. ವೆಟ್ ಗ್ರೈಂಡರ್‌ಗೆ ಆ ಊರೇ ತವರು. ಮೈಸೂರು ಮಲ್ಲಿಗೆಗೆ ಇರುವ ಹಾಗೆ ಕೊಯಮತ್ತೂರು ಗ್ರೈಂಡರಿಗೂ ಜಿಐ ಮಾನ್ಯತೆ, ಅಂದರೆ ಇದು ಆ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು, ಇದೆ. ನಾವು ತಗೊಂಡಿದ್ದು 2 ಲೀಟರಿನದು, 150 ವ್ಯಾಟ್ ಮೋಟಾರು, ಸ್ಟೀಲಿನ ಡ್ರಮ್ಮು, ಒಳಗೆ ತಿರುಗುವ ಎರಡು ಕಲ್ಲು.

ಮೊದಲ ದಿನ ನೇರವಾಗಿ ಉದ್ದು ಹಾಕಬೇಡಿ. ಹೊಸ ಕಲ್ಲಿನಿಂದ ಪುಡಿ ಬರುತ್ತದೆ. ನಾವು ಒಂದು ಹಿಡಿ ಅಕ್ಕಿ ನೆನೆಸಿ, ಜಾಸ್ತಿ ನೀರು ಹಾಕಿ ಎರಡು ಸಲ ರುಬ್ಬಿ ಚೆಲ್ಲಿದೆವು. ಮೊದಲನೆಯದು ಬೂದು ಬಣ್ಣಕ್ಕೆ ತಿರುಗಿತ್ತು. ಎರಡನೆಯದು ಬೆಳ್ಳಗೆ ಬಂತು. ಆಮೇಲೆ ಅಳುಕಿಲ್ಲದೆ ಬಳಸಿದೆವು.

ಈಗ ಹಿಟ್ಟಿನ ವಿಷಯ. ಮಿಕ್ಸಿ ಹಿಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಮೊದಲ ಇಡ್ಲಿಯಲ್ಲೇ ಗೊತ್ತಾಯಿತು. ಮಿಕ್ಸಿ ಬ್ಲೇಡು ಜೋರಾಗಿ ತಿರುಗಿ ಉದ್ದನ್ನು ಕತ್ತರಿಸುತ್ತದೆ, ಜೊತೆಗೆ ಬಿಸಿ ಮಾಡುತ್ತದೆ. ಕಲ್ಲು ನಿಧಾನವಾಗಿ ಅರೆಯುತ್ತದೆ. ಹಿಟ್ಟು ತಣ್ಣಗೇ ಇರುತ್ತದೆ, ಗಾಳಿ ಹಿಡಿದುಕೊಂಡು ಉಬ್ಬುತ್ತದೆ. ಒಂದು ಲೋಟ ಉದ್ದಿನಬೇಳೆಯನ್ನು ನಾಲ್ಕು ಗಂಟೆ ನೆನೆಸಿ, ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸುತ್ತಾ ಅರ್ಧ ಗಂಟೆ ರುಬ್ಬಿದರೆ ಡ್ರಮ್ಮಿನಲ್ಲಿ ಬೆಣ್ಣೆಯ ಹಾಗೆ ಮೇಲೇರುತ್ತದೆ. ಒಂದು ಬಟ್ಟಲು ನೀರಿಗೆ ಆ ಹಿಟ್ಟಿನ ಚಿಕ್ಕ ಉಂಡೆ ಬಿಡಿ. ತೇಲಿದರೆ ಆಯಿತು, ಮುಳುಗಿದರೆ ಇನ್ನೂ ಐದು ನಿಮಿಷ ಬೇಕು. ಈ ಪರೀಕ್ಷೆ ಈಗ ಮಗಳ ಕೆಲಸ. ಬಟ್ಟಲು ಹಿಡಿದು ಕಾಯುತ್ತಾಳೆ. ತೇಲಿದ ಕೂಡಲೇ "ಪಾಸ್!" ಅಂತ ಕೂಗುತ್ತಾಳೆ.

ನಮ್ಮ ದೋಸೆ ಅಳತೆ: ನಾಲ್ಕು ಲೋಟ ದೋಸೆ ಅಕ್ಕಿ, ಒಂದು ಲೋಟ ಉದ್ದು, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ. ಉದ್ದು ತೆಗೆದ ಮೇಲೆ ಅಕ್ಕಿ. ಅಕ್ಕಿಗೆ ಇಪ್ಪತ್ತೈದು ನಿಮಿಷ ಸಾಕು. ಎರಡೂ ಸೇರಿ ಒಂದು ಗಂಟೆ ಅಂತ ಇಟ್ಟುಕೊಳ್ಳಿ. 150 ವ್ಯಾಟ್ ಅಂದರೆ ಒಂದು ಗಂಟೆಗೆ 0.15 ಯೂನಿಟ್. ವಾರಕ್ಕೊಮ್ಮೆ ರುಬ್ಬಿದರೆ ಒಂದು ಯೂನಿಟ್ ಉರಿಯಲು ಸುಮಾರು ಏಳು ವಾರ ಬೇಕು. ಈ ಲೆಕ್ಕ ಇವರದು. ಇವರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾರೆ. ಮಗಳಿಗೆ ಅನುಪಾತ ಅಂದರೆ ಏನು ಅಂತ ಕಲಿಸಿದ್ದೂ ಈ ಲೋಟಗಳ ಮುಂದೆಯೇ. "ಅಕ್ಕಿ ಎಂಟು ಲೋಟ ಆದ್ರೆ ಉದ್ದು ಎಷ್ಟು ಪುಟ್ಟಿ?" ಅಂತ ಕೇಳುತ್ತಾರೆ. ಅವಳು ಬೆರಳು ಮಡಚದೆ ಹೇಳುತ್ತಾಳೆ.

ನಮ್ಮಿಬ್ಬರ ಊರು ಬೇರೆ, ನಾಲಿಗೆಯೂ ಬೇರೆ. ನಾನು ಪುತ್ತೂರಿನವಳು, ಇವರು ದಾವಣಗೆರೆಯವರು. ಇಬ್ಬರೂ ಕೆಲಸಕ್ಕೆ ಅಂತ ಮೈಸೂರಿಗೆ ಬಂದು ಸೇರಿದವರು. ನಮ್ಮ ಊರಲ್ಲಿ ಇದಕ್ಕೆ ಕಡೆಯುವುದು ಅನ್ನುತ್ತೇವೆ, ಕಲ್ಲಿಗೆ ಕಡೆಯುವ ಕಲ್ಲು. ಮದುವೆಯಾದ ಹೊಸದರಲ್ಲಿ "ಅಕ್ಕಿ ಕಡೀಬೇಕು" ಅಂದಾಗ ಇವರು ಮಜ್ಜಿಗೆ ಕಡೆಯುವ ಕಡಗೋಲು ಹುಡುಕಿಕೊಂಡು ಬಂದಿದ್ದರು! ಈಗ ಮಕ್ಕಳು ಎರಡೂ ಮಾತು ಆಡುತ್ತಾರೆ. ಅಪ್ಪನ ಹತ್ತಿರ ರುಬ್ಬುವುದು, ಅಮ್ಮನ ಹತ್ತಿರ ಕಡೆಯುವುದು.

ಗ್ರೈಂಡರ್ ಈ ಎರಡೂ ಊರಿನ ಅಡುಗೆಗೆ ಒದಗುತ್ತದಾ ಅಂತ ನನಗೆ ಅನುಮಾನ ಇತ್ತು. ಇವರ ಬೆಣ್ಣೆ ದೋಸೆಗೆ ಅಕ್ಕಿ ಉದ್ದಿನ ಜೊತೆ ನೆನೆಸಿದ ಮಂಡಕ್ಕಿ ಹಾಕಬೇಕು. ಮಂಡಕ್ಕಿ ಕಲ್ಲಿಗೆ ಸಿಗದೆ ಮೇಲೆ ಮೇಲೆ ತೇಲುತ್ತದೆ. ಅದಕ್ಕೆ ನೀರು ಹಿಂಡಿ, ಅಕ್ಕಿ ಅರ್ಧ ನುಣ್ಣಗಾದ ಮೇಲೆ ಹಾಕಿದರೆ ಚೆನ್ನಾಗಿ ಬೆರೆಯುತ್ತದೆ. ನಮ್ಮ ಕಡೆಯ ಒತ್ತು ಶ್ಯಾವಿಗೆಗೆ ಕುಚ್ಚಲಕ್ಕಿ ಗಂಧದಷ್ಟು ನುಣ್ಣಗಾಗಬೇಕು. ಅದಕ್ಕಂತೂ ಇದರಷ್ಟು ಒಳ್ಳೆಯದು ನಾನು ಕಂಡಿಲ್ಲ. ಮಿಕ್ಸಿಯಲ್ಲಿ ಎಷ್ಟು ತಿರುಗಿಸಿದರೂ ಕೈಗೆ ತರಿ ಸಿಗುತ್ತಿತ್ತು. ಅಷ್ಟಮಿಗೆ ಅಮ್ಮ ಪುತ್ತೂರಿನ ಬಸ್ಸಿನಲ್ಲಿ ಹಲಸಿನ ಎಲೆಯ ಕೊಟ್ಟೆ (ಕಡುಬು ಬೇಯಿಸುವ ದೊನ್ನೆ) ಕಟ್ಟಿ ಕಳಿಸುತ್ತಾರೆ. ಕಡುಬಿನ ಹಿಟ್ಟು ಇದರಲ್ಲೇ. ಆದರೆ ನೀರುದೋಸೆಗೆ ನಾನು ಗ್ರೈಂಡರ್ ತೆಗೆಯುವುದಿಲ್ಲ. ಒಂದೂವರೆ ಲೋಟ ಅಕ್ಕಿಗೆ ಇಷ್ಟು ದೊಡ್ಡ ಕಲ್ಲು ತೊಳೆಯುವುದು ದಂಡ. ಹಿಟ್ಟು ಕಡಿಮೆಯಾದರೆ ಕಲ್ಲಿನ ಸಂದಿಯಲ್ಲೇ ಅರ್ಧ ಉಳಿಯುತ್ತದೆ. ಅದಕ್ಕೆ ಮಿಕ್ಸಿಯೇ ಸರಿ.

ತೊಳೆಯುವ ಮಾತು ಬಂತಲ್ಲ, ಅದನ್ನು ಸ್ವಲ್ಪ ಹೇಳಬೇಕು. ಅಂಗಡಿಯಲ್ಲಿ ಯಾರೂ ಇದನ್ನು ಹೇಳುವುದಿಲ್ಲ. ರುಬ್ಬುವುದು ಮೋಟಾರಿನ ಕೆಲಸ. ಹಿಟ್ಟು ಬಳಿಯುವುದು, ಕಲ್ಲು ಎತ್ತುವುದು, ತೊಳೆಯುವುದು, ಒರೆಸಿ ಇಡುವುದು ಮನುಷ್ಯರ ಕೆಲಸ. ಕಲ್ಲಿನ ಜೋಡಿ ಭಾರ ಇದೆ, ಒದ್ದೆ ಕೈಗೆ ಜಾರುತ್ತದೆ. ಹತ್ತು ನಿಮಿಷ ತಡವಾದರೂ ಉದ್ದಿನ ಹಿಟ್ಟು ಒಣಗಿ ಅಂಟು ಹಿಡಿಯುತ್ತದೆ. ಇವರು ಒಂದು ಉಪಾಯ ಕಂಡುಕೊಂಡಿದ್ದಾರೆ. ಹಿಟ್ಟು ತೆಗೆದ ಕೂಡಲೇ ಒಂದು ಲೋಟ ನೀರು ಹಾಕಿ ಎರಡು ನಿಮಿಷ ಸುಮ್ನೆ ತಿರುಗಿಸುತ್ತಾರೆ. ಕಲ್ಲು ತಾನೇ ತೊಳೆದುಕೊಳ್ಳುತ್ತದೆ. ಆ ತೊಳೆದ ನೀರನ್ನೇ ಹಿಟ್ಟು ಹದ ಮಾಡಲು ಬಳಸುತ್ತಾರೆ. ಸಿಂಕಿಗೆ ಒಂದು ಹನಿಯೂ ಹೋಗುವುದಿಲ್ಲ. "ರುಬ್ಬೋದು ನನ್ನ ಕೆಲಸ" ಅಂದವರು ಮೂರು ವರ್ಷದಲ್ಲಿ ಒಂದು ಶನಿವಾರವೂ ಡ್ರಮ್ಮನ್ನು ನನಗೆ ತೊಳೆಯಲು ಬಿಟ್ಟಿಲ್ಲ. ಜ್ವರ ಬಂದ ಒಂದು ವಾರ ಬಿಟ್ಟು. ಆ ವಾರ ನಾವು ಉಪ್ಪಿಟ್ಟು ತಿಂದೆವು.

ಕುಂದುಗಳನ್ನೂ ಹೇಳಿಬಿಡುತ್ತೇನೆ. ಮೊದಲನೆಯದು ಭಾರ. ಇಡೀ ಗ್ರೈಂಡರ್ ಹತ್ತು ಕಿಲೋ ಮೇಲೆ ತೂಗುತ್ತದೆ. ಅಟ್ಟದ ಮೇಲಿಟ್ಟು ಬೇಕಾದಾಗ ಇಳಿಸುತ್ತೇನೆ ಅಂದುಕೊಂಡರೆ ಬಳಸುವುದೇ ನಿಂತುಹೋಗುತ್ತದೆ. ಕಟ್ಟೆಯ ಮೇಲೆ ಅದಕ್ಕೊಂದು ಕಾಯಂ ಜಾಗ ಮಾಡಿಯೇ ತನ್ನಿ. ಎರಡನೆಯದು, ಡ್ರಮ್ಮಿನ ಅಂಚು ಸವರುವ ಬಿಳಿ ಪ್ಲಾಸ್ಟಿಕ್ ಪಟ್ಟಿ. ನಮ್ಮದು ಹದಿನಾಲ್ಕೇ ತಿಂಗಳಿಗೆ ಸೀಳಿತು. ಆಮೇಲೆ ಬೆಲ್ಟು. ಎರಡು ವರ್ಷ ಆದ ಮೇಲೆ ಅಕ್ಕಿ ಹಾಕಿದರೆ ಡ್ರಮ್ಮು ನಿಲ್ಲುತ್ತಿತ್ತು, ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು. ಕೊಂಡ ಅಂಗಡಿಗೆ ಫೋನ್ ಮಾಡಿದರೆ ನಾಳೆ ಹುಡುಗ ಬರುತ್ತಾನೆ ಅಂದರು. ಇಪ್ಪತ್ತು ದಿನ ಕಳೆದರೂ ಯಾರೂ ಬರಲಿಲ್ಲ. ಇದು ನನಗೆ ನಿಜಕ್ಕೂ ಬೇಸರ ತಂದ ಸಂಗತಿ. ಕೊನೆಗೆ ಇವರೇ ದೇವರಾಜ ಮಾರ್ಕೆಟ್ ಹತ್ತಿರದ ಒಂದು ಸಣ್ಣ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದರು. ಕಾಲು ಗಂಟೆಯಲ್ಲಿ ಹೊಸ ಬೆಲ್ಟು ಹಾಕಿ ಕೊಟ್ಟರು. ಬಿಡಿ ಭಾಗ ನಿಮ್ಮ ಊರಲ್ಲೇ ಸಿಗುತ್ತದಾ ಅಂತ ಮೊದಲೇ ವಿಚಾರಿಸಿ. ಬೆಲೆಯಲ್ಲಿ ಐನೂರು ರೂಪಾಯಿ ಹೆಚ್ಚು ಕಡಿಮೆ ಆಗುವುದಕ್ಕಿಂತ ಇದು ಮುಖ್ಯ.

ಜೊತೆಗೆ ಕೊಟ್ಟ ತೆಂಗಿನಕಾಯಿ ತುರಿಯುವ ಸಲಕರಣೆ, ಚಪಾತಿ ಹಿಟ್ಟು ಕಲಸುವ ಸಲಕರಣೆ ಎರಡೂ ನಮಗೆ ಹಿಡಿಸಲಿಲ್ಲ. ನನಗೆ ಅಮ್ಮ ಕೊಟ್ಟ ತುರಿಮಣೆಯೇ ಬೇಗ.

ಚಿಕ್ಕ ಮಕ್ಕಳಿರುವವರು ಇದನ್ನು ಗಮನಿಸಿ. ಮಗನಿಗೆ ಎರಡು ವರ್ಷ ಇದ್ದಾಗ ತಿರುಗುತ್ತಿದ್ದ ಡ್ರಮ್ಮಿಗೆ ಸ್ಟೀಲ್ ಚಮಚ ಹಾಕಿಬಿಟ್ಟ. ಸ್ಟೂಲು ಎಳೆದುಕೊಂಡು ಹತ್ತಿದ್ದನ್ನು ನಾವಿಬ್ಬರೂ ನೋಡಿರಲಿಲ್ಲ. ಕಟಕಟ ಸದ್ದು ಕೇಳಿ ಇವರು ಓಡಿ ಬಂದು ಮೊದಲು ಮಗುವನ್ನು ಎತ್ತಿಕೊಂಡರು, ಆಮೇಲೆ ಸ್ವಿಚ್ ಆರಿಸಿದರು. ಚಮಚ ಬಾಗಿತ್ತು. ಮಗನ ಬೆರಳುಗಳನ್ನು ಒಂದೊಂದಾಗಿ ಎಣಿಸಿ ನೋಡಿದೆ. ಆ ರಾತ್ರಿ ಇಬ್ಬರಿಗೂ ನಿದ್ದೆ ಬರಲಿಲ್ಲ. ಯಾರದು ತಪ್ಪು ಅಂತ ಇವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಬೆಳಿಗ್ಗೆ ಎದ್ದು ಸ್ಟೂಲನ್ನು ಅಡುಗೆಮನೆಯಿಂದ ಹೊರಗೆ ಹಾಕಿದೆವು. ಮುಚ್ಚಳ ಇಲ್ಲದೆ ಗ್ರೈಂಡರ್ ಹಾಕುವ ಹಾಗಿಲ್ಲ, ತಿರುಗುವಾಗ ದೊಡ್ಡವರೊಬ್ಬರು ಅಲ್ಲೇ ನಿಂತಿರಬೇಕು, ಮುಗಿದ ತಕ್ಷಣ ಪ್ಲಗ್ ತೆಗೆಯಬೇಕು. ಇದು ಅವತ್ತಿನಿಂದ ನಮ್ಮನೆಯ ಕಾಯ್ದೆ.

ದೊಡ್ಡವರೊಬ್ಬರು ಅಲ್ಲೇ ನಿಂತಿರಬೇಕು ಅನ್ನುವ ಕಾಯ್ದೆಯಿಂದ ಒಂದು ಒಳ್ಳೆಯದೂ ಆಯಿತು. ಶನಿವಾರ ಸಂಜೆ ಆರೂವರೆಯಿಂದ ಏಳೂವರೆವರೆಗೆ ಇವರು ಅಡುಗೆಮನೆ ಬಿಟ್ಟು ಕದಲುವುದಿಲ್ಲ. ಫೋನು ಹಾಲ್‌ನಲ್ಲಿ ಇರುತ್ತದೆ. ಮಗಳು ಬಟ್ಟಲು ಹಿಡಿದು ನಿಲ್ಲುತ್ತಾಳೆ. ಮಗ ನನ್ನ ಸೊಂಟದ ಮೇಲೆ ಕೂತು, ಕಲ್ಲು ತಿರುಗುವುದನ್ನೇ ನೋಡುತ್ತಾನೆ. ನಾನು ಬಾಗಿಲಿಗೆ ಒರಗಿ ವಾರ್ಡಿನ ಸಂಗತಿ ಹೇಳುತ್ತೇನೆ, ಇವರು ಕ್ಲಾಸಿನ ಸಂಗತಿ ಹೇಳುತ್ತಾರೆ. ಗ್ರೈಂಡರ್ ಸದ್ದಿನಲ್ಲಿ ಸ್ವಲ್ಪ ಜೋರಾಗಿ ಮಾತಾಡಬೇಕು, ಆದರೆ ಮಿಕ್ಸಿಯ ಹಾಗೆ ಕಿವಿ ಮುಚ್ಚಿಕೊಳ್ಳುವಂತಿಲ್ಲ. ಮಧ್ಯಾಹ್ನದ ಶಿಫ್ಟ್ ಬಿದ್ದ ಶನಿವಾರ ನಾನಿರುವುದಿಲ್ಲ. ಅವತ್ತು ಮಗಳು ಫೋನ್ ಮಾಡಿ "ಅಮ್ಮಾ, ತೇಲಿತು" ಅಂತ ಹೇಳಿ ಇಟ್ಟುಬಿಡುತ್ತಾಳೆ. ನೈಟ್ ಡ್ಯೂಟಿಯವರಿಗೆ ಚಾರ್ಜ್ ಕೊಡುತ್ತಿದ್ದರೂ ಆ ಫೋನನ್ನು ಎತ್ತುತ್ತೇನೆ.

ಹುದುಗು ಬರುವುದು ಕಾಲದ ಮೇಲೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಆರೇಳು ಗಂಟೆ ಸಾಕು. ಕಲ್ಲಿನಲ್ಲಿ ರುಬ್ಬಿದ ಹಿಟ್ಟು ಮಿಕ್ಸಿ ಹಿಟ್ಟಿಗಿಂತ ಜಾಸ್ತಿ ಉಬ್ಬುತ್ತದೆ, ಅದಕ್ಕೆ ಪಾತ್ರೆಯ ಅರ್ಧಕ್ಕೇ ನಿಲ್ಲಿಸಿ. ಒಂದು ಸಲ ನಮ್ಮ ಹಿಟ್ಟು ಉಕ್ಕಿ ಕಟ್ಟೆಯಿಂದ ನೆಲಕ್ಕೆ ಇಳಿದಿತ್ತು. ಡಿಸೆಂಬರ್‌ನಲ್ಲಿ ಮೈಸೂರಿನ ಚಳಿಗೆ ಹನ್ನೆರಡು ಗಂಟೆ ಮೇಲೆ ಬೇಕು. ಆಗ ಪಾತ್ರೆಗೆ ಮಗನ ಹಳೇ ಶಾಲು ಸುತ್ತುತ್ತೇವೆ. "ಹಿಟ್ಟು ಪಾಪು ಮಲಗಿದೆ" ಅಂತ ಅವನು ಎಲ್ಲರನ್ನೂ ಸುಮ್ಮನಿರಿಸುತ್ತಾನೆ.

ಯಾರಿಗೆ ಎಷ್ಟು ದೊಡ್ಡದು ಬೇಕು? ಇಬ್ಬರೇ ಇರುವವರಿಗೆ ಒಂದೂಕಾಲು ಲೀಟರಿನದು ಸಿಗುತ್ತದೆ, ಅದು ಸಾಕು. ನಾಲ್ಕೈದು ಜನಕ್ಕೆ 2 ಲೀಟರ್ ಸರಿ. ವಾರಕ್ಕೆ ಒಂದು ದಿನವೂ ರುಬ್ಬಲು ಆಗದವರು ಪ್ಯಾಕೆಟ್ ಹಿಟ್ಟು ತಗೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ಬೆಲ್ಟು ಹೋದ ಇಪ್ಪತ್ತು ದಿನ ನಾವೂ ಅದನ್ನೇ ತಂದೆವು. ಇಡ್ಲಿ ಚೆನ್ನಾಗೇ ಬಂತು, ದೋಸೆ ಮಾತ್ರ ಸ್ವಲ್ಪ ಹುಳಿ ಅನ್ನಿಸಿತು. ಕೈ ನೋವು ಇರುವವರು ಸಾಧಾರಣ ಮಾದರಿ ಬಿಟ್ಟು, ಡ್ರಮ್ಮು ಬಾಗಿಸಿ ಹಿಟ್ಟು ಸುರಿಯಬಹುದಾದ ಟಿಲ್ಟಿಂಗ್ ಮಾದರಿ ನೋಡಿ. ಸ್ವಲ್ಪ ಬೆಲೆ ಜಾಸ್ತಿ, ಆದರೆ ಭಾರ ಎತ್ತುವ ಕಷ್ಟ ಎಷ್ಟೋ ಕಡಿಮೆ.

ಅಂಥದ್ದೊಂದು ಈಗ ದಾವಣಗೆರೆಗೆ ಕಳಿಸಬೇಕು ಅಂತ ಹುಡುಕುತ್ತಿದ್ದೇವೆ. ದಸರಾ ರಜೆಗೆ ಬಂದಿದ್ದ ಅತ್ತೆ, ತಮ್ಮ ಮಗ ಗ್ರೈಂಡರ್ ತೊಳೆಯುವುದನ್ನು ಎರಡು ಶನಿವಾರ ಬಾಗಿಲಲ್ಲಿ ಕೂತು ನೋಡಿದರು. ಅವರು ಒಳಕಲ್ಲಿನಲ್ಲಿ ರುಬ್ಬಿ ರುಬ್ಬಿಯೇ ಬಲಗೈ ಮಣಿಕಟ್ಟು ನೋಯಿಸಿಕೊಂಡವರು. ಹೊರಡುವ ದಿನ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು, "ಮಂಡಕ್ಕಿ ಹಾಕಿದ್ರೂ ರುಬ್ಬತೈತೇನವ್ವಾ ಇದು?"

ರುಬ್ಬುತ್ತದೆ ಅತ್ತೆ. ನೀರು ಹಿಂಡಿ ಹಾಕಬೇಕು ಅಷ್ಟೇ.